ಹುಲ್ಲುಗಾವಲಿಗೆ ಮರಳಿದ ಮರ

ಮರದ ನೆರಳಿನಲ್ಲಿ ಹುಲ್ಲು ಸೊರಗುತ್ತದೆ, ಟ್ರ್ಯಾಕ್ಟರ್ ತಿರುಗಲು ಅಡ್ಡಿಯಾಗುತ್ತದೆ ಎಂಬ ಕಾರಣಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಹಲವು ದೇಶಗಳ ಮೇವಿನ ಭೂಮಿಗಳು ಬೋಳಾದವು. ಎಕರೆಗೆ ಎಷ್ಟು ಮೇವು ಬಂತೆಂದು ತೂಗಿ ನೋಡಿದವರು, ಬಿಸಿಲಿಗೆ ಬಳಲಿದ ಹಸು ಅದೇ ಮೇವನ್ನು ತಿನ್ನದೆ ಏದುಸಿರು ಬಿಡುತ್ತಾ ನಿಲ್ಲುವುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮರ ಮತ್ತು ಮಂದೆಯ ಒಡನಾಟವಂತೂ ಹಳೆಯದು. ಸ್ಪೇನಿನ ನೈಋತ್ಯದಲ್ಲಿ ‘ದೆಹೆಸಾ’ ಎನ್ನಲಾಗುವ ಓಕ್ ತೋಪುಗಳಲ್ಲಿ ದನಕುರಿಗಳು ಶತಮಾನಗಳಿಂದ ಮರದಡಿಯ ಹುಲ್ಲು ಮೇಯುತ್ತಿವೆ. ಉದುರಿದ ಓಕ್ ಕಾಯಿಗಳನ್ನು ತಿಂದು ಹಂದಿಗಳು ಮೈತುಂಬಿಕೊಳ್ಳುತ್ತವೆ.

ಬೋಳು ಬಯಲಿನ ಅಪಾಯ ಎದ್ದು ಕಂಡದ್ದು 1930ರ ದಶಕದ ಅಮೆರಿಕದಲ್ಲಿ. ಬರಗಾಲದಲ್ಲಿ ಉತ್ತ ಮಣ್ಣು ಧೂಳಾಗಿ ಹಾರತೊಡಗಿದಾಗ ರೂಸ್‌ವೆಲ್ಟ್ ಸರ್ಕಾರವು 1934ರಲ್ಲಿ ಗಾಳಿತಡೆ ಮರಸಾಲುಗಳ ಯೋಜನೆ ಆರಂಭಿಸಿ, 1942ರ ವೇಳೆಗೆ ಉತ್ತರ ಡಕೋಟದಿಂದ ಟೆಕ್ಸಾಸ್‌ವರೆಗೆ 20 ಕೋಟಿಗೂ ಹೆಚ್ಚು ಗಿಡಗಳನ್ನು ನೆಡಿಸಿತು. ಮರಸಾಲು ತನ್ನ ಎತ್ತರದ ಹತ್ತು ಪಟ್ಟಿಗೂ ಹೆಚ್ಚು ದೂರದವರೆಗೆ ಗಾಳಿಯ ವೇಗವನ್ನು ತಗ್ಗಿಸುತ್ತದೆ. ಆದರೆ ಗಾಳಿ ಒಂದಿಷ್ಟು ನುಸುಳುವಂತಿರಬೇಕು. ಸಂದಿಯೇ ಇಲ್ಲದಂತೆ ಒತ್ತಾಗಿ ಬೆಳೆದರೆ ಆಚೆ ಬದಿಯಲ್ಲಿ ಸುಳಿಗಾಳಿ ಏಳುತ್ತದೆ. ಚಳಿಪ್ರದೇಶಗಳಲ್ಲಿ ಗಾಳಿತಡೆ ಜೀವದ ಪ್ರಶ್ನೆ: ಮೈ ಇನ್ನೂ ಒದ್ದೆಯಾಗಿರುವ ಕುರಿಮರಿಯನ್ನು ಮಳೆಗಾಳಿ ಕೆಲವೇ ಗಂಟೆಗಳಲ್ಲಿ ಕೊಲ್ಲಬಲ್ಲದು.

ಮರವೇ ಮೇವಾಗುವ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ಸುಬಾಬುಲ್ ಸೊಪ್ಪಿನಲ್ಲಿ ಪ್ರೋಟೀನ್ ಹೇರಳವಾಗಿದ್ದರೂ ಅದರಲ್ಲಿರುವ ಮಿಮೋಸಿನ್ ಎಂಬ ವಿಷಾಂಶದಿಂದ ಆಸ್ಟ್ರೇಲಿಯಾದ ದನಗಳ ಕೂದಲು ಉದುರುತ್ತಿತ್ತು, ತೂಕ ಏರುತ್ತಿರಲಿಲ್ಲ. ಹವಾಯಿಯ ಆಡುಗಳು ಅದೇ ಸೊಪ್ಪನ್ನು ತಿಂದು ಆರೋಗ್ಯವಾಗಿದ್ದುದನ್ನು ಗಮನಿಸಿದ ವಿಜ್ಞಾನಿ ರೇಮಂಡ್ ಜೋನ್ಸ್, ವಿಷವನ್ನು ಒಡೆಯುವ ಬ್ಯಾಕ್ಟೀರಿಯಾ ಅವುಗಳ ಮೆಲುಕುಹೊಟ್ಟೆಯಲ್ಲಿದೆ ಎಂದು ತೋರಿಸಿದರು. 1980ರ ದಶಕದಲ್ಲಿ ಅದನ್ನು ಆಸ್ಟ್ರೇಲಿಯಾದ ದನಗಳಿಗೆ ಕೊಡಲಾಯಿತು. ಒಂದು ಹಸುವಿಗೆ ಬಂದ ಆ ಜೀವಿ ಮಂದೆಯ ಉಳಿದವಕ್ಕೂ ಹರಡಿತು. ಮರವನ್ನು ದೂರಿ ಕಡಿದುಹಾಕುವ ಬದಲು ಪಶುವಿನ ಹೊಟ್ಟೆಯೊಳಗೆ ಉತ್ತರ ಹುಡುಕಿದ್ದು ಈ ಇತಿಹಾಸದ ಅತ್ಯುತ್ತಮ ಅಧ್ಯಾಯವೆಂದೇ ನನ್ನ ಭಾವನೆ.

ಈ ನಡುವೆ, 1978ರಿಂದ ನೈರೋಬಿಯಲ್ಲಿ ನೆಲೆಗೊಂಡ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯೊಂದು ಕೃಷಿ ಅರಣ್ಯವನ್ನು, ಅಂದರೆ ಬೆಳೆ ಅಥವಾ ಪಶುಗಳ ಜೊತೆಗೇ ಮರ ಬೆಳೆಸುವ ಪದ್ಧತಿಯನ್ನು, ಪ್ರತ್ಯೇಕ ಅಧ್ಯಯನ ವಿಷಯವಾಗಿ ಬೆಳೆಸಿತು.

ಇಂದು ಹೈನುಗಾರರ ಮುಂದಿರುವ ದೊಡ್ಡ ಸವಾಲು ಬಿಸಿಲು. ಮೆಲುಕು ಹಾಕುವ ಪಶುವಿನ ಹೊಟ್ಟೆಯಲ್ಲಿ ಮೇವು ಹುದುಗುವಾಗಲೇ ಶಾಖ ಹುಟ್ಟುವುದರಿಂದ, ಸೆಖೆ ಹೆಚ್ಚಿದಾಗ ಅದು ಮೇವು ತಿನ್ನುವುದನ್ನು ಕಡಿಮೆ ಮಾಡುತ್ತದೆ. ಹಾಲು ಇಳಿಯುತ್ತದೆ, ಗರ್ಭ ಕಟ್ಟುವುದೂ ಕಷ್ಟವಾಗುತ್ತದೆ. ನೆರಳು ಈ ನಷ್ಟವನ್ನು ತಗ್ಗಿಸುತ್ತದೆ. ಆದರೆ ಒಂಟಿ ಮರವಿದ್ದಲ್ಲಿ ಇಡೀ ಮಂದೆ ಅದರಡಿಯೇ ಗುಂಪುಗೂಡಿ, ನೆಲ ಗಟ್ಟಿಯಾಗಿ, ಸಗಣಿಯೆಲ್ಲ ಒಂದೇ ಕಡೆ ಬಿದ್ದು, ಕಡೆಗೆ ಬೇರಿಗೂ ಪೆಟ್ಟಾಗುತ್ತದೆ. ಹಾಗಾಗಿ ನೆರಳನ್ನು ಹಲವೆಡೆ ಹಂಚಿ ನೆಡುವುದು ಉತ್ತಮ. ಎಳೆಯ ಗಿಡಗಳು ದನದ ಬಾಯಿಗೆ ಎಟುಕದಷ್ಟು ಬೆಳೆಯುವವರೆಗೆ ಅವುಗಳಿಗೆ ಬೇಲಿ ಇರಲೇಬೇಕು.