ಓನರ್ ಸಾಲದ ಕಂತಿಗೂ ನಿಮ್ಮ ಬಾಡಿಗೆಗೂ ಏನು ಸಂಬಂಧ?

ಪ್ರಶ್ನೆ: ಬೆಂಗಳೂರಿನವರು ತುಮಕೂರಿಗೆ ಬಂದು ಮನೆ, ಸೈಟು ಕೊಳ್ಳುತ್ತಿದ್ದಾರೆ. ಬಾಡಿಗೆ ಏರುತ್ತಿರುವುದು ಇದರಿಂದಲೇ ಅಲ್ವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಇನ್ನೊಂದು ಸಲ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ.

ಕೊಂಡವರು ಆಮೇಲೆ ಏನು ಮಾಡಿದರು ಅನ್ನೋದನ್ನು ನೋಡಬೇಕು. ಸೈಟಿನಲ್ಲಿ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಬಿಟ್ಟರೆ ಬಾಡಿಗೆದಾರರಿಗೆ ಒಳ್ಳೆಯದೇ. ಇದ್ದ ಮನೆಯನ್ನೇ ಕೊಂಡು ಬಾಡಿಗೆಗೆ ಬಿಟ್ಟರೆ ಬಾಡಿಗೆ ಅಷ್ಟಾಗಿ ಕದಲುವುದಿಲ್ಲ. ಆದರೆ ಆ ಮನೆ ಕೊಳ್ಳೋಣ ಅಂತಿದ್ದ ಸಂಸಾರ ಬಾಡಿಗೆ ಮನೆಯಲ್ಲೇ ಉಳಿಯುತ್ತದೆ, ಮನೆಗಳ ಬೆಲೆಯೂ ಏರುತ್ತದೆ. ಸೈಟಿಗೆ ಕಲ್ಲುಕಂಬ ನೆಟ್ಟು, ತಂತಿ ಬಿಗಿದು ಹೋದರಂತೂ ಎಲ್ಲರಿಗೂ ನಷ್ಟ. ಜಾಗ ದುಬಾರಿಯಾಯಿತು, ಮನೆ ಒಂದೂ ಹೆಚ್ಚಲಿಲ್ಲ.

ಇಷ್ಟು ಹೇಳಿದರೂ ಒಂದು ಮಾತು ಬಂದೇ ಬರುತ್ತದೆ: "ಓನರ್ ಸಾಲ ಮಾಡಿ ಕಟ್ಟಿದ್ದಾರೆ ಸಾರ್, ಕಂತಿನ ದುಡ್ಡು ಹುಟ್ಟಬೇಕಲ್ವಾ, ಅದಕ್ಕೇ ಬಾಡಿಗೆ ಜಾಸ್ತಿ."

ಖಂಡಿತ ಅಲ್ಲ. ನಮ್ಮ ರಸ್ತೆಯಲ್ಲಿ ಅಕ್ಕಪಕ್ಕ ಎರಡು ಮನೆಗಳಿವೆ. ಒಂದು ತಾತನ ಕಾಲದ್ದು, ಸಾಲವಿಲ್ಲ. ಇನ್ನೊಂದು 30 ಲಕ್ಷ ಸಾಲ ತೆಗೆದು ಕಟ್ಟಿದ್ದು. ಶೇ. 8.5 ಬಡ್ಡಿಗೆ 20 ವರ್ಷದ ಸಾಲ ಅಂದರೆ ತಿಂಗಳಿಗೆ ಸುಮಾರು 26 ಸಾವಿರ ಕಂತು. ಎರಡಕ್ಕೂ ಬರುತ್ತಿರುವುದು 11 ಸಾವಿರ ಬಾಡಿಗೆ. ಸಾಲದ ಮನೆಯವರು ಮೊದಲು 15 ಕೇಳಿದರು. ಟು-ಲೆಟ್ ಬೋರ್ಡು ಮೂರು ತಿಂಗಳು ಗೇಟಿನಲ್ಲೇ ನೇತಾಡಿತು. ಮಳೆಗೆ ಅಕ್ಷರ ಅಳಿಸಿಹೋದ ಮೇಲೆ 11ಕ್ಕೆ ಇಳಿದರು.

ಇನ್ನೂ ನಂಬಿಕೆ ಬರಲಿಲ್ಲವೇ? 2025ರ ಫೆಬ್ರುವರಿಯಿಂದ ಜೂನ್ ಒಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ. 6.5ರಿಂದ 5.5ಕ್ಕೆ ಇಳಿಸಿತು. ಅದರ ಹಿಂದೆಯೇ ಎಷ್ಟೋ ಮನೆ ಸಾಲಗಳ ಬಡ್ಡಿಯೂ ಇಳಿಯಿತು. ಬಾಡಿಗೆ ನಿಲ್ಲುವುದು ಕಂತಿನ ಮೇಲೆ ಅನ್ನುವುದಾದರೆ, ಆಗ ನಿಮ್ಮ ಓನರ್ ಬಾಡಿಗೆ ಇಳಿಸಬೇಕಿತ್ತು. ಇಳಿಸಿದರಾ?

ಬಾಡಿಗೆ ನಿಲ್ಲುವುದು ಮನೆ ಹುಡುಕುವವರು ಎಷ್ಟು ಜನ, ಖಾಲಿ ಮನೆ ಎಷ್ಟು ಅನ್ನುವುದರ ಮೇಲೆ. ತುಮಕೂರಿನ ಹತ್ತಿರದ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಸೇರಿದ ಹುಡುಗರು, ಕಾಲೇಜು ಮಕ್ಕಳು, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು, ಎಲ್ಲರೂ ಹುಡುಕುವುದು ಅದೇ ಬೀದಿಗಳಲ್ಲಿ.

ಕಂತಿನ ಮಾತು ಬಂತು ಅಂತ ಇನ್ನೊಂದು ಹೇಳಿಬಿಡುತ್ತೇನೆ. ಕಂತು ಕಟ್ಟಲಾಗದ ಓನರ್ ಬಾಡಿಗೆ ಏರಿಸುವುದಿಲ್ಲ, ಮನೆಯನ್ನು ಭೋಗ್ಯಕ್ಕೆ ಹಾಕಲು ನೋಡುತ್ತಾರೆ. ಬಾಡಿಗೆ ಉಳಿಯಿತು ಅಂತ ನೀವು ಲಕ್ಷಗಟ್ಟಲೆ ಕೊಟ್ಟುಬಿಡುತ್ತೀರಿ. ಅವರು ಸಾಲ ಕಟ್ಟದಿದ್ದರೆ ಬ್ಯಾಂಕು ಬರುವುದು ಆ ಮನೆ ಬಾಗಿಲಿಗೇ. ದುಡ್ಡು ಕೊಡುವ ಮೊದಲು ಇ.ಸಿ. ತೆಗೆಸಿ, ಅಂದರೆ ಆ ಮನೆಯ ಮೇಲೆ ನೋಂದಣಿಯಾದ ಅಡಮಾನ, ಮಾರಾಟ ಏನಿದೆ ಅಂತ ತೋರಿಸುವ ಋಣಭಾರ ಪತ್ರ. ಮೂಲ ಕ್ರಯಪತ್ರ ತೋರಿಸಿ ಅನ್ನಿ. ಬರೀ ಜೆರಾಕ್ಸ್ ತೋರಿಸಿದರೆ ಪತ್ರ ಬ್ಯಾಂಕಿನಲ್ಲಿ ಇದೆಯಾ ಅಂತ ನೇರವಾಗಿ ಕೇಳಿ. ಕರಾರು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲಿ. ಸುಮ್ನೆ ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡು ಗಂಟು ಕೊಡಬೇಡಿ.