ಭಾನುವಾರ ಸಂಜೆಯ ಆತಂಕಕ್ಕೆ ಸೋಮವಾರದ ರಜೆ ಮದ್ದಲ್ಲ

ಪ್ರಶ್ನೆ: ಭಾನುವಾರ ಸಂಜೆ ಆಗುತ್ತಿದ್ದ ಹಾಗೆ ಎದೆ ಡವಡವ ಅನ್ನುತ್ತೆ, ಹೊಟ್ಟೆ ತೊಳಸುತ್ತೆ. ಸೋಮವಾರದ ರಿವ್ಯೂ ಮೀಟಿಂಗ್ ನೆನೆಸಿಕೊಂಡರೆ ನಿದ್ದೆ ಬರಲ್ಲ. ಒಂದೆರಡು ದಿನ ಸಿಕ್ ಲೀವ್ ಹಾಕಿ, ಮನಸ್ಸು ತಿಳಿಯಾದ ಮೇಲೆ ಹೋದರೆ ಸರಿಹೋಗಬಹುದಾ?

ಉತ್ತರ: ಸರಿಹೋಗಲ್ಲ. ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ: ಮ್ಯಾನೇಜರ್ ಮೇಲ್ ನಾಳೆ ತೆಗೆಯಲಾ, ಕಾಲ್ ಎತ್ತದೆ ವಾಟ್ಸಾಪ್ ಮಾಡಲಾ, ಪ್ರೆಸೆಂಟೇಶನ್ ಪಕ್ಕದವರಿಗೆ ಒಪ್ಪಿಸಲಾ? ಎಷ್ಟು ಸಲ ಹೇಳಿದರೂ ಮತ್ತೆ ಕೇಳುತ್ತಾರೆ, ಯಾಕೆಂದರೆ ಎಲ್ಲದರ ಬೇರೂ ಒಂದೇ ನಂಬಿಕೆ: ಮೊದಲು ಆತಂಕ ಹೋಗಲಿ, ಆಮೇಲೆ ಕೆಲಸಕ್ಕೆ ಕೈ ಹಾಕೋಣ. ಆಗಬೇಕಾದ್ದು ಇದಕ್ಕೆ ಉಲ್ಟಾ. ಕೆಲಸಕ್ಕೆ ಕೈ ಹಾಕುತ್ತ ಹೋದ ಹಾಗೆ ಆತಂಕ ಇಳಿಯುತ್ತದೆ.

ಸೋಮವಾರ ಬೆಳಗ್ಗೆಯನ್ನೇ ತೆಗೆದುಕೊಳ್ಳಿ. ಏಳೂವರೆಗೆ ಎದೆಬಡಿತ ಜೋರಾಗಿದೆ. ‘ಹುಷಾರಿಲ್ಲ, ಇವತ್ತು ಬರಲ್ಲ’ ಎಂದು ಮೆಸೇಜ್ ಹಾಕುತ್ತೀರಿ. ಐದೇ ನಿಮಿಷಕ್ಕೆ ಭುಜದ ಬಿಗಿ ಸಡಿಲವಾಗುತ್ತದೆ, ತಿಂಡಿ ಗಂಟಲಲ್ಲಿ ಇಳಿಯುತ್ತದೆ. ಆ ನೆಮ್ಮದಿ ಸುಳ್ಳಲ್ಲ, ತೊಂದರೆ ಇರುವುದೂ ಅದರಲ್ಲೇ. ಮೀಟಿಂಗ್ ದೊಡ್ಡ ಅಪಾಯ, ತಪ್ಪಿಸಿಕೊಂಡದ್ದರಿಂದ ಬಚಾವಾದೆ ಎಂದು ಮಿದುಳು ಬರೆದಿಟ್ಟುಕೊಳ್ಳುತ್ತದೆ. ಹೋಗಿದ್ದರೆ ನಿಜಕ್ಕೂ ಏನಾಗುತ್ತಿತ್ತು ಎಂಬುದು ಪರೀಕ್ಷೆಗೇ ಬರಲಿಲ್ಲ. ಸಂಜೆ ಶುರುವಾಗುತ್ತಿದ್ದ ಕಸಿವಿಸಿ ಮುಂದಿನ ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೇ ಹಾಜರಾಗುತ್ತದೆ. ಜೊತೆಗೆ ಎರಡು ದಿನದ ಮೇಲ್ ರಾಶಿ, ‘ಏನಾಗಿತ್ತು?’ ಎಂದವರಿಗೆಲ್ಲ ಉತ್ತರ ಹೊಂದಿಸುವ ಚಿಂತೆ. ರಜೆ ಆತಂಕವನ್ನು ಕಳೆಯಲಿಲ್ಲ, ಬಡ್ಡಿ ಹಚ್ಚಿ ಮುಂದಕ್ಕೆ ಹಾಕಿತು.

ಹಾಗಾದರೆ ರಜೆಯೇ ಹಾಕಬಾರದಾ ಎಂದು ತಕ್ಷಣ ಕೇಳುತ್ತಾರೆ. ಹಾಕಿ, ಧಾರಾಳವಾಗಿ ಹಾಕಿ. ಆದರೆ ಯಾವಾಗ ತೀರ್ಮಾನ ಮಾಡಿದಿರಿ ನೋಡಿಕೊಳ್ಳಿ. ಎರಡು ವಾರ ಮೊದಲೇ ಹೇಳಿ ಹಾಕಿದ ರಜೆ ವಿಶ್ರಾಂತಿ. ಎದೆ ಹೊಡೆದುಕೊಳ್ಳುತ್ತಿರುವಾಗ, ಒಂದು ನಿರ್ದಿಷ್ಟ ಮೀಟಿಂಗಿನಿಂದ ಪಾರಾಗಲು ಹಾಕಿದ್ದು ತಪ್ಪಿಸಿಕೊಳ್ಳುವ ಓಟ. ಜ್ವರ ಬಂದರೆ ಮಲಗಿ, ಅದು ಬೇರೆ ವಿಷಯ.

ಇನ್ನು ಕೆಲವರು ‘ಆತಂಕ ಏರುತ್ತಲೇ ಹೋಗಿ ಅಲ್ಲೇ ಕುಸಿದುಬಿಟ್ಟರೆ?’ ಎಂದು ಹೆದರುತ್ತಾರೆ. ಆತಂಕ ಕೊನೆಯಿಲ್ಲದೆ ಏರುವುದಿಲ್ಲ. ತೀರಾ ಜೋರಾದ ಪ್ಯಾನಿಕ್ ಕೂಡ ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ತುದಿ ಮುಟ್ಟಿ ಇಳಿಯತೊಡಗುತ್ತದೆ. ತುದಿ ಮುಟ್ಟುವ ಮೊದಲೇ ಎದ್ದು ಹೋಗುವವರಿಗೆ ಅದು ಇಳಿಯುತ್ತದೆ ಎಂಬುದೇ ಗೊತ್ತಾಗುವುದಿಲ್ಲ.

ಈಗ ಮಾಡಬೇಕಾದ್ದು. ಒಂದು ಹಾಳೆ ತೆಗೆದುಕೊಳ್ಳಿ. ಆಫೀಸಿನಲ್ಲಿ ನೀವು ತಪ್ಪಿಸುತ್ತಿರುವುದನ್ನೆಲ್ಲ ಬರೆದು, ಪ್ರತಿಯೊಂದಕ್ಕೂ 0ಯಿಂದ 100ರೊಳಗೆ ಭಯದ ಅಂಕ ಕೊಡಿ. ಮ್ಯಾನೇಜರ್ ಮೇಲ್ ಬಂದ ಗಂಟೆಯೊಳಗೆ ತೆರೆದು ಓದುವುದು ಮಾತ್ರ, ಉತ್ತರ ಬೇಡ: 30 ಇರಬಹುದು. ಅದಕ್ಕೆ ಎರಡು ಸಾಲಿನ ಉತ್ತರ ಬರೆದು, ಒಂದೇ ಸಲ ಓದಿ ಕಳಿಸುವುದು: 40. ತಂಡ ದಿನಾ ನಡೆಸುವ ಚಿಕ್ಕ ಮೀಟಿಂಗ್, ಅಂದರೆ ಸ್ಟ್ಯಾಂಡಪ್‌ನಲ್ಲಿ ಕೇಳಬೇಕಾಗಿಲ್ಲದ ಒಂದು ಪ್ರಶ್ನೆ ಕೇಳುವುದು: 50. ‘ಇದು ನನಗೆ ಗೊತ್ತಿಲ್ಲ, ಸಂಜೆಯೊಳಗೆ ನೋಡಿ ಹೇಳ್ತೀನಿ’ ಎಂದು ಎಲ್ಲರೆದುರು ಹೇಳುವುದು: 65. ರಿವ್ಯೂನಲ್ಲಿ ಹತ್ತು ನಿಮಿಷ ಮಾತಾಡುವುದು: 85. ಶುರುಮಾಡಬೇಕಾದ್ದು 30–40ರ ಮೆಟ್ಟಿಲಿನಿಂದ. ವಾರದಲ್ಲಿ ನಾಲ್ಕೈದು ದಿನ ಅದನ್ನೇ ಮಾಡಿ, ಅಂಕ ಹೆಚ್ಚುಕಡಿಮೆ ಅರ್ಧಕ್ಕಿಳಿದಾಗ ಮುಂದಿನದಕ್ಕೆ ಹೋಗಿ.

ಪ್ರತಿ ಸಲವೂ ಮಾಡುವ ಮುಂಚೆ ಒಂದು ಸಾಲು: ಏನಾಗುತ್ತದೆಂದು ಹೆದರಿದ್ದೀರಿ? ಮುಗಿದ ಮೇಲೆ ಇನ್ನೊಂದು ಸಾಲು: ಏನಾಯಿತು? ‘ಎಲ್ಲರೆದುರು ಬೈತಾರೆ’ ಎಂದು ಬರೆದಿದ್ದು, ‘ಸರಿ, ಸಂಜೆ ಕಳಿಸಿ ಅಂದರು’ ಎಂದು ಮುಗಿದರೆ ಆ ಎರಡು ಸಾಲೇ ನಿಮ್ಮ ಮದ್ದು. ಇದನ್ನು ಬರೆಯದೆ ಬಿಡುವವರೇ ಹೆಚ್ಚು, ‘ಮಾಡಿದೆ, ಪ್ರಯೋಜನ ಆಗಲಿಲ್ಲ’ ಎನ್ನುವವರಲ್ಲೂ ಅವರೇ ಹೆಚ್ಚು.

ಎಡವುವ ಜಾಗಗಳೂ ಗೊತ್ತಿರಲಿ. ಹುಮ್ಮಸ್ಸಿನಲ್ಲಿ ಮೊದಲ ದಿನವೇ 85ಕ್ಕೆ ಹಾರುವುದು ಒಂದು. ಊರುಗೋಲು ಹಿಡಿದು ಮಾಡುವುದು ಇನ್ನೊಂದು: ಕ್ಯಾಮೆರಾ ಆಫ್, ಬರೆದಿಟ್ಟದ್ದನ್ನು ಪದಪದ ಓದುವುದು, ಒಂದು ಮೇಲನ್ನು ಹತ್ತು ಸಲ ತಿದ್ದುವುದು, ಕಳಿಸಿದ ಮೇಲೆ ಸಹೋದ್ಯೋಗಿಯನ್ನು ‘ಸರಿ ಇದೆಯಲ್ವಾ?’ ಎಂದು ಪೀಡಿಸುವುದು. ಊರುಗೋಲಿದ್ದರೆ ಗೆದ್ದ ಲೆಕ್ಕ ಅದರ ಖಾತೆಗೆ ಹೋಗುತ್ತದೆ, ನಿಮ್ಮ ಧೈರ್ಯದ ಖಾತೆಗಲ್ಲ. ಒಂದೊಂದಾಗಿ ಬಿಡಿ.

ಉಸಿರಾಟದ ವಿಷಯ ಚಿಕ್ಕದಾಗಿ. ‘ಜೋರಾಗಿ ಉಸಿರು ಎಳ್ಕೋ’ ಎನ್ನುವ ಸಲಹೆ ತಪ್ಪು. ದೊಡ್ಡ ಉಸಿರುಗಳನ್ನು ಬೇಗ ಬೇಗ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ಸುತ್ತುತ್ತದೆ, ಹೆದರಿಕೆ ಇಮ್ಮಡಿಯಾಗುತ್ತದೆ. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ನಿಧಾನವಾಗಿ ಹೊರಗೆ, ಐದು ನಿಮಿಷ. ಅದೂ ಮೀಟಿಂಗಿಗೆ ಹೋಗಿ ಕೂರುವುದಕ್ಕೆ ನೆರವಾಗಲಿ, ‘ಉಸಿರು ಶಾಂತವಾದರೆ ಮಾತ್ರ ಹೋಗ್ತೀನಿ’ ಎಂಬ ಷರತ್ತಾಗದಿರಲಿ. ಕಾಫಿಯನ್ನೂ ಲೆಕ್ಕ ಹಾಕಿ: ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿರುತ್ತದೆ. ಸಂಜೆ ಆರರ ಸ್ಟ್ರಾಂಗ್ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರು ಒಮ್ಮೆಗೇ ನಿಲ್ಲಿಸಬೇಡಿ, ತಲೆನೋವು ಹಿಡಿಯುತ್ತದೆ. ಎರಡು ಮೂರು ದಿನಕ್ಕೆ ಒಂದೊಂದು ಲೋಟ ಇಳಿಸಿ.

ಮೆಟ್ಟಿಲಿನ ಲೆಕ್ಕ ಎಲ್ಲರಿಗೂ ಅಲ್ಲ. ಮ್ಯಾನೇಜರ್ ನಿಜಕ್ಕೂ ಎಲ್ಲರೆದುರು ಬೈಯುತ್ತಿದ್ದರೆ, ಮೂರು ಜನರ ಕೆಲಸ ಒಬ್ಬರ ತಲೆಗೆ ಕಟ್ಟಿದ್ದರೆ, ಅಲ್ಲಿ ಭಯವೇ ಸರಿಯಾದ ಮಾಹಿತಿ. ಅದಕ್ಕೆ ಒಗ್ಗಿಕೊಳ್ಳುವ ಅಭ್ಯಾಸ ಮಾಡಬೇಡಿ. ದಿನಾಂಕ ಹಾಕಿ ಬರೆದಿಡಿ, ಮೇಲ್‌ನಲ್ಲೇ ಕೇಳಿ: ‘ಈ ಮೂರರಲ್ಲಿ ಈ ವಾರ ಯಾವ ಎರಡು ಮುಗಿಯಬೇಕು?’ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಮಹಿಳೆಯರು ಅಲ್ಲಿಗೆ ದೂರು ಕೊಡಬಹುದು. ಎದೆನೋವು ಮೊದಲ ಸಲ ಬಂದಿದ್ದರೆ ಆತಂಕವೆಂದು ನೀವೇ ತೀರ್ಮಾನಿಸದೆ ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಕೈ ನಡುಕ, ಬೆವರು, ತೂಕ ಇಳಿಕೆ ಇದ್ದರೆ ಥೈರಾಯ್ಡ್ ಪರೀಕ್ಷೆಯೂ ಆಗಲಿ.

ಡಾಕ್ಟರ್ ಬೇಕೋ ಬೇಡವೋ ಎಂದು ತಿಳಿಯಲು ಆತಂಕ ಅಳೆಯುವ ಜಿಎಡಿ-7 ಎಂಬ ಪ್ರಶ್ನಾವಳಿ ಇದೆ. ಕಳೆದ ಎರಡು ವಾರದ ಬಗ್ಗೆ ಏಳು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 21. ಹತ್ತು ಅಥವಾ ಮೇಲೆ ಬಂದರೆ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಅಂಕ ಲೆಕ್ಕ ಹಾಕುತ್ತ ಕೂರಬೇಡಿ, ಈಗಲೇ ಕರೆ ಮಾಡಿ. ಸ್ನೇಹಿತರು ಕೊಟ್ಟ, ಆತಂಕ ತಗ್ಗಿಸುವ ಮಾತ್ರೆಯಾದ ಆಲ್‌ಪ್ರಜೋಲಮ್ ಮಾತ್ರ ಮುಟ್ಟಬೇಡಿ. ಅರ್ಧ ಗಂಟೆಯಲ್ಲಿ ಹಿತವೆನಿಸುವ ಅದು ಕೆಲವೇ ವಾರಗಳಲ್ಲಿ ಅಂಟಿಕೊಳ್ಳಬಹುದು. ಈಗಾಗಲೇ ದಿನಾ ನುಂಗುತ್ತಿದ್ದರೆ ದಿಢೀರ್ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯವಿದೆ. ಡಾಕ್ಟರ್ ಹೇಳಿದಂತೆ ಇಳಿಸಿ.

ಇಲ್ಲಿಗೆ ಬಂದವರ ಮನಸ್ಸಿನಲ್ಲಿ ಬಾಯಿಬಿಟ್ಟು ಕೇಳದ ಇನ್ನೊಂದು ಪ್ರಶ್ನೆ ಇರುತ್ತದೆ: ಆಫೀಸಿಗೆ ಗೊತ್ತಾಗುತ್ತಾ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರುವ ಹಕ್ಕು ಕೊಟ್ಟಿದೆ. ಡಾಕ್ಟರ್ ನಿಮ್ಮ ಎಚ್‌ಆರ್‌ಗೆ ಫೋನ್ ಮಾಡಿ ಹೇಳುವಂತಿಲ್ಲ. ರಜೆಗೆ ಸರ್ಟಿಫಿಕೇಟ್ ಬೇಕಾದರೆ ಅದರಲ್ಲಿ ಏನು ನಮೂದಿಸುತ್ತಾರೆಂದು ಬರೆಸುವ ಮುನ್ನವೇ ಅವರನ್ನು ಕೇಳಿ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಆದರೆ ಹಲವು ಪಾಲಿಸಿಗಳಲ್ಲಿ ಒಪಿಡಿ (ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆಯ) ಖರ್ಚು ಸೇರಿರುವುದಿಲ್ಲ, ಮೊದಲೇ ಓದಿಕೊಳ್ಳಿ. ಮನೋರೋಗವೆಂಬ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ವಿಮಾ ಕಂಪನಿಗೆ ದೂರು ಕೊಡಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ತಕರಾರು ಬಗೆಹರಿಸುವ ವಿಮಾ ಓಂಬುಡ್ಸ್‌ಮನ್‌ಗೆ ಹೋಗಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.