ಲವಂಗ ಮುಂದೆ, ವೆನಿಲ್ಲಾ ಹಿಂದೆ

ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಗಳಲ್ಲಿ ಸೆಂಟು ಕೊಳ್ಳುವವರನ್ನು ಗಮನಿಸಿ. ಅಂಗಡಿಯವರು ಕಾಗದದ ಪಟ್ಟಿಗೆ ಒಂದು ಸಲ ಪುಸ್ ಅಂತ ಹೊಡೆದು ಕೈಗೆ ಕೊಡುತ್ತಾರೆ. ಮೂಸಿ ನೋಡಿದ್ದೇ ತಡ, ಬೇಕು ಅಥವಾ ಬೇಡ ಅಂತ ತೀರ್ಮಾನ ಆಗಿಬಿಡುತ್ತದೆ. ಸಿಹಿ ಮತ್ತು ಮಸಾಲೆ ಘಮ ಬೆರೆತ ಹೆಂಗಸರ ಸೆಂಟಿನ ಮಟ್ಟಿಗಂತೂ ಇದು ಅನ್ಯಾಯ. ಆ ಒಂದು ನಿಮಿಷದಲ್ಲಿ ಮಸಾಲೆ ಪೂರ್ತಿ ಎದ್ದಿರುವುದಿಲ್ಲ. ಸಿಹಿ ಇನ್ನೂ ಮಲಗಿಯೇ ಇರುತ್ತದೆ. ಮೂಗಿಗೆ ಸಿಗುವುದು ಜಾಸ್ತಿ ಆಲ್ಕೋಹಾಲು, ಜೊತೆಗೆ ಕಿತ್ತಳೆ ಸಿಪ್ಪೆಯಂಥ ಒಂದು ಹಗುರ ವಾಸನೆ.

ಸೆಂಟಿನಲ್ಲಿರುವ ಅಣುಗಳೆಲ್ಲ ಒಟ್ಟಿಗೆ ಗಾಳಿಗೆ ಏಳುವುದಿಲ್ಲ. ನಾಲ್ಕನ್ನು ಮಾತ್ರ ನೋಡೋಣ. ಕಿತ್ತಳೆ ಸಿಪ್ಪೆಯ ಲಿಮೊನೀನ್ ಎಲ್ಲರಿಗಿಂತ ಮೊದಲು ಹಾರಿಹೋಗುತ್ತದೆ. ಕೊತ್ತಂಬರಿ ಬೀಜದ ಘಮದಲ್ಲಿ ಬಹುಪಾಲು ಲಿನಲೂಲ್ ಎಂಬ ವಸ್ತುವಿನದು. ಅದರ ಆವಿಯ ಒತ್ತಡ, ಅಂದರೆ ಗಾಳಿಗೆ ಏಳುವ ಚುರುಕು, ಲಿಮೊನೀನಿನ ಹತ್ತನೇ ಒಂದು ಭಾಗದಷ್ಟು. ಲವಂಗದ ಯೂಜಿನಾಲ್ ಇನ್ನೂ ನಿಧಾನ. ವೆನಿಲ್ಲಾದ ವೆನಿಲಿನ್ ಅಂತೂ ಕೂತಲ್ಲಿಂದ ಏಳುವುದೇ ಇಲ್ಲ ಅನ್ನಿಸುವಷ್ಟು ನಿಧಾನ. ಲಿನಲೂಲಿಗೆ ಹೋಲಿಸಿದರೆ ಅದರ ಆವಿ ಸುಮಾರು ಸಾವಿರ ಪಟ್ಟು ಕಡಿಮೆ.

ಇಲ್ಲೊಂದು ವಿಚಿತ್ರ ಇದೆ. ಭಾರದ ಅಣುಗಳು ನಿಧಾನ, ಹಗುರದವು ಚುರುಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಲಿನಲೂಲಿನ ಅಣುತೂಕ 154, ವೆನಿಲಿನ್‌ನದು 152. ಹೆಚ್ಚುಕಡಿಮೆ ಒಂದೇ! ಆದರೂ ಲಿನಲೂಲ್ ತೆಳ್ಳಗಿನ ದ್ರವ, ಸುಮಾರು 198 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ವೆನಿಲಿನ್ ಬಿಳಿ ಹರಳು, ಕುದಿಸಬೇಕಾದರೆ 285 ಡಿಗ್ರಿ ಬೇಕು. ತೂಕಕ್ಕಿಂತ ಇಲ್ಲಿ ಮುಖ್ಯ ಆಗುವುದು ಹಿಡಿತ. ವೆನಿಲಿನ್‌ನ ಅಣು ಚಪ್ಪಟೆ. ಅದರಲ್ಲಿ ಆಮ್ಲಜನಕದ ಪರಮಾಣುಗಳು ಮೂರು. ಹಾಗಾಗಿ ಈ ಅಣುಗಳು ಒಂದನ್ನೊಂದು ಬಲವಾಗಿ ಹಿಡಿದುಕೊಳ್ಳುತ್ತವೆ, ಚರ್ಮಕ್ಕೂ ಬಟ್ಟೆಗೂ ಅಂಟಿಕೊಳ್ಳುತ್ತವೆ. ಅಷ್ಟು ಕಡಿಮೆ ಆವಿ ಬಂದರೂ ನಮಗೆ ಗೊತ್ತಾಗುತ್ತದೆ, ಯಾಕೆಂದರೆ ವೆನಿಲಿನ್ ಎಳ್ಳಷ್ಟಿದ್ದರೂ ನಮ್ಮ ಮೂಗು ಪತ್ತೆ ಹಚ್ಚುತ್ತದೆ. ಮದುವೆಗೆ ಉಟ್ಟ ಸೀರೆ ಮಾರನೇ ದಿನ ಮಡಚುವಾಗಲೂ ಸಿಹಿಯಾಗಿ ಘಮಗುಡುವುದು ಇದರಿಂದಲೇ.

ಇನ್ನು ನನಗೆ ತುಂಬಾ ಇಷ್ಟವಾದ ಸಂಗತಿ. ಲವಂಗ ಮತ್ತು ವೆನಿಲ್ಲಾ ಹತ್ತಿರದ ನೆಂಟರು. ಅಡುಗೆಮನೆಯಲ್ಲಿ ಅಲ್ಲ, ರಚನೆಯಲ್ಲಿ. ಎರಡರಲ್ಲೂ ಇರುವುದು ಒಂದೇ ಬಗೆಯ ಇಂಗಾಲದ ಉಂಗುರ. ಆ ಉಂಗುರಕ್ಕೆ ಅಕ್ಕಪಕ್ಕದಲ್ಲಿ ಅಂಟಿಕೊಂಡಿರುವ ಎರಡು ಗುಂಪುಗಳೂ ಅವೇ. ಬೇರೆ ಇರುವುದು ಬಾಲ ಮಾತ್ರ. ಯೂಜಿನಾಲಿಗೆ ಮೂರು ಇಂಗಾಲದ ಬಾಲ, ವೆನಿಲಿನ್‌ಗೆ ಒಂದೇ ಇಂಗಾಲದ್ದು. 1874ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿಗಳಾದ ಟೀಮನ್ ಮತ್ತು ಹಾರ್ಮನ್ ಪೈನ್ ಮರದಿಂದ ಸಿಗುವ ವಸ್ತುವೊಂದರಿಂದ ಮೊದಲು ವೆನಿಲಿನ್ ತಯಾರಿಸಿದರು. ಆಮೇಲೆ ಎಷ್ಟೋ ವರ್ಷ ಕಾರ್ಖಾನೆಗಳು ಲವಂಗದೆಣ್ಣೆಯನ್ನೇ ವೆನಿಲಿನ್ ಆಗಿ ಬದಲಾಯಿಸುತ್ತಿದ್ದವು. ಬಾಲ ಕತ್ತರಿಸಿದರೆ ಮಸಾಲೆ ಹೋಗಿ ಸಿಹಿ ಬಂತು!

ಅದೇ ಉಂಗುರಕ್ಕೆ ಉದ್ದನೆಯ ಬಾಲ ಹಚ್ಚಿದರೆ ಏನಾಗುತ್ತದೆ ಗೊತ್ತಾ? ಮೆಣಸಿನಕಾಯಿಯ ಖಾರ ಕ್ಯಾಪ್ಸೈಸಿನ್. ಅದು ಎಷ್ಟು ದೊಡ್ಡದು, ಅದರ ಹಿಡಿತ ಎಷ್ಟು ಬಲ ಎಂದರೆ ಮಾಮೂಲಿ ಬಿಸಿಯಲ್ಲಿ ಗಾಳಿಗೆ ಏಳುವುದೇ ಇಲ್ಲ ಅನ್ನಬೇಕು, ಹಾಗಾಗಿ ಅದಕ್ಕೆ ವಾಸನೆಯೂ ಇಲ್ಲ. ಈ ಖಾರ ತಾಗಿದಾಗ ನಾಲಿಗೆಯಲ್ಲಿ ಉರಿ ಹಚ್ಚುವ ಗ್ರಾಹಕವನ್ನು, ಅಂದರೆ ನರದ ತುದಿಯಲ್ಲಿ ಸುದ್ದಿ ಹಿಡಿಯುವ ಪ್ರೋಟೀನನ್ನು, ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಗುರುತಿಸಿತು. 2021ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಬಿಸಿ ತಾಗಿದಾಗ ಎಚ್ಚರಾಗುವ ಈ ಗ್ರಾಹಕವನ್ನು ಲವಂಗದ ಯೂಜಿನಾಲ್ ಕೂಡ ಕೆಣಕಬಲ್ಲದು. ಚಕ್ಕೆಯ ಸಿನ್ನಮಾಲ್ಡಿಹೈಡ್ ಕೆಣಕುವುದು ಅದರ ಒಡಹುಟ್ಟಿನಂಥ ಇನ್ನೊಂದು ಗ್ರಾಹಕವನ್ನು. ಮಸಾಲೆ ಸೆಂಟನ್ನು ಹತ್ತಿರದಿಂದ ಜೋರಾಗಿ ಎಳೆದುಕೊಂಡರೆ ಮೂಗಿನ ಒಳಗೆ ಬೆಚ್ಚಗೆ ಚುರ್ ಅನ್ನುತ್ತದಲ್ವಾ? ಅದು ಬರೀ ವಾಸನೆ ಅಲ್ಲ, ಸ್ಪರ್ಶದ ನರವೂ ಮಾತಾಡುತ್ತಿದೆ.

ಸಿಹಿಯ ಕಥೆ ಬೇರೆ. ಮೂಗಿಗೆ ಸಕ್ಕರೆ ಗೊತ್ತಾಗುವುದಿಲ್ಲ. ವೆನಿಲಿನ್ ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡರೆ ಸಿಹಿ ಅಲ್ಲ, ಕಹಿ. ಆಸ್ಟ್ರೇಲಿಯಾದ ಸಂಶೋಧಕ ರಿಚರ್ಡ್ ಸ್ಟೀವನ್ಸನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಜನರಿಗೆ ಪರಿಚಯವಿಲ್ಲದ ಪರಿಮಳಗಳನ್ನು ಸಕ್ಕರೆ ನೀರಿನ ಜೊತೆ ಕುಡಿಸಿ ನೋಡಿದರು. ಆಮೇಲೆ ಬರೀ ಮೂಸಿದರೂ ಆ ಪರಿಮಳ ಮೊದಲಿಗಿಂತ ಸಿಹಿ ಅನ್ನಿಸಿತು. ಅಂದರೆ ಸಿಹಿ ವಾಸನೆ ಕಲಿತದ್ದು. ಏಲಕ್ಕಿ ಮಸಾಲೆಯೋ ಸಿಹಿಯೋ ಅಂತ ನಮ್ಮ ಕಡೆ ಕೇಳಿ ನೋಡಿ. ಹೋಳಿಗೆ, ಪಾಯಸ, ರವೆ ಉಂಡೆ ತಿಂದು ಬೆಳೆದವರಿಗೆ ಅದು ಸಿಹಿಯೇ. ಕೊಬ್ಬರಿಯೂ ಹಾಗೇ. ಸಿಹಿ ಸೆಂಟುಗಳಿಗೆ ತೆಂಗಿನ ಘಮ ಕೊಡಲು ಗಾಮಾ-ನೋನಾಲ್ಯಾಕ್ಟೋನ್ ಎಂಬ ವಸ್ತು ಹಾಕುತ್ತಾರೆ. ತಿಪಟೂರಿನ ಕೊಬ್ಬರಿ ಮಂಡಿಯ ಮಧ್ಯೆ ಬೆಳೆದವರಿಗೆ ಅದು ಪ್ಯಾರಿಸ್ಸಿನವರಿಗೆ ಅನ್ನಿಸಿದ ಹಾಗೇ ಅನ್ನಿಸಬೇಕು ಅಂತೇನಿಲ್ಲ.

ಸಿಹಿ-ಮಸಾಲೆಯ ಈ ಜೋಡಿಯನ್ನು ಜಗತ್ತಿಗೆ ಚೆನ್ನಾಗಿ ಪರಿಚಯಿಸಿದ ಸೆಂಟುಗಳು ಹಲವು. 1925ರ ಶಾಲಿಮಾರ್‌ನಲ್ಲಿ ವೆನಿಲ್ಲಾ ಮುಖ್ಯ, 1977ರ ಓಪಿಯಮ್‌ನಲ್ಲಿ ಲವಂಗದಂಥ ಮಸಾಲೆಗಳದ್ದೇ ಅಬ್ಬರ. 1992ರ ಏಂಜೆಲ್ ಬಂದ ಮೇಲೆ ಸುಟ್ಟ ಸಕ್ಕರೆಯ ವಾಸನೆ ಕೊಡುವ ಈಥೈಲ್ ಮಾಲ್ಟಾಲ್ ಎಲ್ಲ ಕಡೆ ಕಾಲಿಟ್ಟಿತು. ನನ್ನ ಮಟ್ಟಿಗೆ ಸಕ್ಕರೆ ಒಂದೇ ಆದರೆ ಬೇಗ ಸಾಕಾಗುತ್ತದೆ. ಲವಂಗವೋ ಚಕ್ಕೆಯೋ ಮುಂದೆ ನಡೆದರೆ ಹಿಂದೆ ಬರುವ ಸಿಹಿಗೆ ಒಂದು ಕಳೆ.

ನಮ್ಮ ಬಿಸಿಲು ಈ ಲೆಕ್ಕವನ್ನೆಲ್ಲ ಬದಲಿಸುತ್ತದೆ. ಹತ್ತು ಡಿಗ್ರಿ ಏರಿದರೆ ಇಂಥ ವಸ್ತುಗಳ ಆವಿ ಹೆಚ್ಚುಕಡಿಮೆ ಇಮ್ಮಡಿ ಆಗುತ್ತದೆ. ಬಲವಾಗಿ ಹಿಡಿದು ಕೂತ ವೆನಿಲಿನ್‌ನಂಥವು ಇನ್ನೂ ಜಾಸ್ತಿ ಏರುತ್ತವೆ. ಹಾಗಾಗಿ ಪಾವಗಡದ ಏಪ್ರಿಲ್ ಮಧ್ಯಾಹ್ನದಲ್ಲಿ ಸಿಹಿ ಬೇಗನೇ ದಟ್ಟವಾಗಿ ಎದ್ದು ಉಸಿರು ಕಟ್ಟಿಸಬಹುದು. ಅದೇ ಸೆಂಟು ತುಮಕೂರಿನ ಡಿಸೆಂಬರ್ ಬೆಳಗಿನಲ್ಲಿ ಹಾಯಾಗಿ ಬಿಚ್ಚಿಕೊಳ್ಳುತ್ತದೆ. ಬೇಸಿಗೆಗೆ ಒಂದೇ ಪುಸ್ ಸಾಕು. ನಮಗೆ ವಾಸನೆ ಹೋಯಿತು ಅನ್ನಿಸಿದರೂ ಮತ್ತೆ ಹೊಡೆದುಕೊಳ್ಳಬೇಡಿ. ನಮ್ಮ ಮೂಗು ಸ್ವಲ್ಪ ಹೊತ್ತಿಗೆ ಒಗ್ಗಿಕೊಂಡು ಸುಮ್ಮನಾಗುತ್ತದೆ, ಪಕ್ಕದಲ್ಲಿ ಕೂತವರ ಮೂಗು ಹಾಗಲ್ಲ.

ಕೊಳ್ಳುವಾಗ ಮಣಿಕಟ್ಟಿಗೆ ಹಾಕಿಸಿಕೊಂಡು ಪೇಟೆಯಲ್ಲಿ ಬೇರೆ ಕೆಲಸ ಮುಗಿಸಿ ಬನ್ನಿ. ಅರ್ಧ ಗಂಟೆಗೆ ಲವಂಗ, ಎರಡು ಮೂರು ಗಂಟೆಗೆ ವೆನಿಲ್ಲಾ ಸಿಗುತ್ತದೆ. ಚರ್ಮ ಕೆಂಪಾಗಿ ತುರಿಸಿದರೆ ಆ ಸೆಂಟು ಬಿಟ್ಟುಬಿಡಿ. ಚಕ್ಕೆ, ಲವಂಗದ ಈ ಅಣುಗಳು ಕೆಲವರಿಗೆ ಅಲರ್ಜಿ ತರುತ್ತವೆ. ಒಂದು ಮಿತಿಗಿಂತ ಹೆಚ್ಚಿದ್ದರೆ ಇವುಗಳ ಹೆಸರು ಡಬ್ಬಿಯ ಮೇಲೆ ಇರಲೇಬೇಕು ಅಂತ ಯುರೋಪಿನಲ್ಲಿ ನಿಯಮವೇ ಇದೆ. ಬಾಟಲಿಯನ್ನು ಕಿಟಕಿ ಪಕ್ಕ ಇಡಬೇಡಿ, ಬೀರುವಿನೊಳಗೆ ಇಡಿ. ವೆನಿಲಿನ್ ಇರುವ ಸೆಂಟು ಬೆಳಕಿಗೂ ಗಾಳಿಗೂ ಬರಬರುತ್ತಾ ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬದಲಾದ ಮಾತ್ರಕ್ಕೆ ಹಾಳಾಯಿತು ಅಂತಲ್ಲ. ಆದರೆ ಅಂಥದ್ದನ್ನು ಬಿಳಿ ರೇಷ್ಮೆ ಸೀರೆಯ ಮೇಲೆ ಮಾತ್ರ ಹೊಡೆಯಬೇಡಿ, ಕಲೆ ಉಳಿಯುತ್ತದೆ.